ಎಡಗಡೆ ಚಕ್ರದ ಐದು ನಟ್ಟು

ನನ್ನ ಕೈಚೀಲ ಎತ್ತಿದವರು ಒಂದು ಸಲ ಚೀಲವನ್ನೂ ಒಂದು ಸಲ ನನ್ನ ಮುಖವನ್ನೂ ನೋಡುತ್ತಾರೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ನಮ್ಮ ಹಿಂದಿ ಟೀಚರು ಕಾಫಿ ಲೋಟಕ್ಕೆ ಜಾಗ ಮಾಡಲು ಅದನ್ನು ಸರಿಸಹೋಗಿ, "ಏನ್ರೀ ವಿಮಲಾ, ಗುಂಡುಕಲ್ಲು ಇಟ್ಕೊಂಡಿದೀರಾ?" ಎಂದರು. ಒಳಗಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದು ತೋರಿಸಿದೆ. ಒಂದು ಕರವಸ್ತ್ರ, ಹಳೆಯ ಬಸ್ ಟಿಕೆಟ್ಟುಗಳು, ಅಮ್ಮನ ಮಂಡಿಗೆ ಹಚ್ಚುವ ತೈಲದ ಸೀಸೆ, ಮತ್ತು ಮುಕ್ಕಾಲು ಇಂಚಿನ ಒಂದು ಸಾಕೆಟ್ಟು. ಸಾಕೆಟ್ಟೆಂದರೆ ನಟ್ಟಿನ ತಲೆಗೆ ಟೋಪಿಯಂತೆ ಕೂರುವ ಉಕ್ಕಿನ ಬಟ್ಟಲು. ಅದರ ಬೆನ್ನಿಗೆ ಒಂದು ಉದ್ದನೆಯ ರಾಡು ಸಿಕ್ಕಿಸಿ ತಿರುಗಿಸಿದರೆ ಗಾಡಿಯ ಚಕ್ರದ ನಟ್ಟು ಬಿಚ್ಚಿಕೊಳ್ಳಬೇಕು. ಬಿಚ್ಚಿಕೊಳ್ಳುತ್ತದೆ ಎಂದು ಹೇಳುವ ಧೈರ್ಯ ನನಗೆ ಈಗ ಇಲ್ಲ, ಆದ್ದರಿಂದ 'ಬೇಕು' ಎಂದಷ್ಟೇ ಹೇಳುತ್ತೇನೆ.

ಚಿಕ್ಕಪೇಟೆಯಲ್ಲಿ ಸೀರೆ ಆರಿಸಲು ನನಗೆ ಕಾಲು ಗಂಟೆ ಸಾಕು. ನನ್ನನ್ನು ನೋಡಲು ಬಂದ ಗಂಡುಗಳನ್ನು ಬೇಡವೆನ್ನಲು ಅಷ್ಟೂ ಬೇಕಾಗಲಿಲ್ಲ. ಈ ಪುಟ್ಟ ಬಟ್ಟಲನ್ನು ಆರಿಸಲು ಮಾತ್ರ ಮೂರು ವಾರ ಹಿಡಿಯಿತು, ಅದೂ ಮೂರನೆಯ ಸಲಕ್ಕೆ. ಮೊದಲೆರಡು ಮನೆಯಲ್ಲಿವೆ. ಒಂದರಲ್ಲಿ ಅಮ್ಮ ಊದುಬತ್ತಿ ಸಿಗಿಸುತ್ತಾಳೆ. ಇನ್ನೊಂದು ಕಿಟಕಿ ಬಡಿಯದಂತೆ ಅಡ್ಡ ಕೂತಿದೆ. ಎಂಟನೇ ತರಗತಿಯಿಂದ ಹತ್ತರವರೆಗಿನ ಹೆಣ್ಣುಮಕ್ಕಳಿಗೆ ಹದಿನಾಲ್ಕು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿರುವ ನಾನು, ರಾಜಾಜಿನಗರದ ನಮ್ಮ ಕಾಂಪೌಂಡಿನೊಳಗೆ ಒಂದು ನಟ್ಟಿನ ಕೈಲಿ ಹೇಗೆ ಪಾಠ ಹೇಳಿಸಿಕೊಂಡೆ ಎಂಬುದನ್ನು ನಿಮಗೆ ಹೇಳಿಬಿಡುತ್ತೇನೆ. ಸ್ಟಾಫ್ ರೂಮಿನಲ್ಲಿ ಇಡೀ ಕತೆ ಹೇಳಲಿಲ್ಲ, ಮರ್ಯಾದೆಯ ಪ್ರಶ್ನೆ.

ನಮ್ಮಪ್ಪ ರಸ್ತೆ ಕಾಮಗಾರಿಯ ಓವರ್ಸಿಯರ್ ಆಗಿದ್ದರು. ಮಿಲಿಟರಿಯವರು ತಮಗೆ ಬೇಡವಾದ ಜೀಪುಗಳನ್ನು ಹರಾಜು ಹಾಕಿದಾಗ ಒಂದನ್ನು ಹಿಡಿದು ತಂದರು. ಅದಕ್ಕೆ ಬಾಗಿಲಿಲ್ಲ, ಮೆತ್ತನೆಯ ಸೀಟಿಲ್ಲ, ಮಳೆ ಬಂದರೆ ಒಳಗಿರುವವರೂ ಹೊರಗಿರುವವರೂ ಒಂದೇ. ಆದರೆ ಅಮ್ಮನ ಮಂಡಿ ಹಿಡಿದುಕೊಂಡ ಮೇಲೆ ಅವಳಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗಲೇ ಇಲ್ಲ. ಅಪ್ಪ ಜೀಪಿಗೆ ಹತ್ತಲು ಅಳತೆಗೆ ಸರಿಯಾಗಿ ಒಂದು ಮರದ ಮಣೆ ಮಾಡಿಸಿದರು. ಪ್ರತಿ ಭಾನುವಾರ ಬೆಳಿಗ್ಗೆ ಆ ಮಣೆ ಇಟ್ಟು ಅಮ್ಮನನ್ನು ಹತ್ತಿಸಿಕೊಂಡು ಕೆಂಗೇರಿಗೆ, ಅವಳ ತಂಗಿಯ ಮನೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಅಕ್ಕತಂಗಿಯರು ಸಂಜೆಯವರೆಗೆ ಚೌಕಾಬಾರ ಆಡಿ, ಕಾಯಿ ಕಡಿದದ್ದಕ್ಕೆ ಜಗಳವಾಡಿ, ಇನ್ನು ಜನ್ಮದಲ್ಲಿ ನಿನ್ನ ಮನೆಗೆ ಬರಲ್ಲ ಎಂದು ಹೇಳಿ, ಮುಂದಿನ ಭಾನುವಾರಕ್ಕೆ ಮತ್ತೆ ಸೇರುತ್ತಿದ್ದರು. ಅಮ್ಮ ಮನೆಯ ಹೊಸ್ತಿಲು ದಾಟುತ್ತಿದ್ದುದು ವಾರಕ್ಕೆ ಅದೊಂದೇ ದಿನ.

ಅಪ್ಪ ಹೋದ ವರ್ಷ ತೀರಿಕೊಂಡರು. ವಿಜಯನಗರದಲ್ಲಿ ಸೈಟುಗಳಿಗೆ ಕಲ್ಲು ನೆಡುತ್ತಿದ್ದ ಕಾಲದಲ್ಲಿ, ಆ ಬಯಲಿನಲ್ಲೇ ಅವರು ನನಗೆ ಗಾಡಿ ಓಡಿಸಲು ಕಲಿಸಿದ್ದರು. ಹಾಗಾಗಿ ಭಾನುವಾರದ ಕೆಲಸ ನನಗೆ ಬಂತು. ಹೆಂಗಸು ಜೀಪು ಓಡಿಸುತ್ತಾಳೆಂದು ಮಾಗಡಿ ರಸ್ತೆಯಲ್ಲಿ ಜನ ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ನಾನೂ ನೋಡಲಿ ಎಂದು ಹಾರನ್ ಬಾರಿಸುತ್ತಿದ್ದೆ.

ವರ್ಷಾಬ್ದಿಕದ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವಾಗ ಅಣ್ಣ ವಿಷಯ ತೆಗೆದ. ಅಣ್ಣ ಬ್ಯಾಂಕಿನಲ್ಲಿದ್ದಾನೆ, ಜಯನಗರದಲ್ಲಿ ಮನೆ. ಕೆಟ್ಟವನಲ್ಲ. ನಮ್ಮ ಮೇಲೆ ಪ್ರೀತಿ ಇದೆ, ಅದು ಯಾವಾಗಲೂ ಬೇಡ ಎಂಬ ಮಾತಿನ ರೂಪದಲ್ಲಿ ಬರುತ್ತದೆ ಅಷ್ಟೆ. ಆ ಮಳೆಯಲ್ಲಿ ಹೋಗುವುದು ಬೇಡ, ಆ ಪಾತ್ರೆ ಎತ್ತುವುದು ಬೇಡ, ಈಗ ಈ ಜೀಪು ಬೇಡ. ಮರದ ಡಿಪೋ ಇಟ್ಟಿರುವ ಒಬ್ಬರು ಕೇಳುತ್ತಿದ್ದಾರಂತೆ.

"ನಡುರಸ್ತೇಲಿ ಟೈರು ಪಂಚರ್ ಆದ್ರೆ ಏನ್ಮಾಡ್ತೀಯ? ಅಮ್ಮನ್ನ ಕೂರಿಸ್ಕೊಂಡು ಹೋಗೋ ಬರೋ ಲಾರಿಯೋರಿಗೆಲ್ಲ ಕೈ ತೋರಿಸ್ತೀಯ?"

"ಸ್ಟೆಪ್ನಿ ಇದೆ. ಹಾಕ್ತೀನಿ."

"ಹಾಕ್ತಾಳಂತೆ! ಒಂದು ನಟ್ಟು ಬಿಚ್ಚು ನೋಡೋಣ. ಆಯುಧ ಪೂಜೆ ಹೊತ್ತಿಗೆ ನನ್ನ ಕಣ್ಣೆದುರಿಗೆ, ಯಾರ ಸಹಾಯಾನೂ ಇಲ್ದೆ ನಾಲ್ಕು ಚಕ್ರಾನೂ ಬಿಚ್ಚಿ ಹಾಕು. ಗಾಡಿ ಇಟ್ಕೋ, ನಾನು ಬಾಯ್ಬಿಡಲ್ಲ. ಆಗ್ಲಿಲ್ವೋ, ಮಾರೋದೇ."

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಅಡಿಕೆ ಚೂರನ್ನು ಬಾಯಲ್ಲಿ ಆಡಿಸುತ್ತಾ, "ಅವನು ಹೇಳೋದೂ ಸರೀನೇ ಅಲ್ವೇ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಯಾರ ಭಾನುವಾರಕ್ಕಾಗಿ ನಾನು ಜಗಳಕ್ಕೆ ನಿಂತಿದ್ದೆನೋ ಅವಳೇ ಎದುರಾಳಿಯ ಕಡೆ ಹೋದರೆ ಹೇಗೆ? ಆ ಕ್ಷಣದಲ್ಲೇ ತೀರ್ಮಾನ ಮಾಡಿದೆ, ನಾಲ್ಕು ಚಕ್ರವಲ್ಲ, ಬೇಕಾದರೆ ಇಡೀ ಜೀಪನ್ನೇ ಬಿಚ್ಚಿ ಅಂಗಳದಲ್ಲಿ ಒಣಗಿಹಾಕುತ್ತೇನೆ ಎಂದು.

ಇಲ್ಲಿ ನನ್ನ ತಾತನನ್ನು ನೆನೆಯಬೇಕು. ಅವರ ಎತ್ತಿನ ಗಾಡಿಯ ಒಂದೊಂದು ಚಕ್ರವನ್ನೂ ಅಚ್ಚಿನಲ್ಲಿ ಹಿಡಿದಿಡುತ್ತಿದ್ದುದು ಒಂದೇ ಒಂದು ಕಡಾಣಿ, ಬೆರಳು ಗಾತ್ರದ ಕಬ್ಬಿಣದ ಮೊಳೆ. ಎರಡು ಏಟು ಹೊಡೆದರೆ ಹೊರಗೆ, ಎರಡು ಏಟಿಗೆ ಒಳಗೆ. ಎಡ ಬಲ ಎಂಬ ಭೇದವಿಲ್ಲ, ಮುಕ್ಕಾಲು ಇಂಚೆಂಬ ಲೆಕ್ಕವಿಲ್ಲ. ಜೀಪು ಕಂಡುಹಿಡಿದವರು ಚಕ್ರಕ್ಕೆ ಐದು ನಟ್ಟು ಇಟ್ಟರು. ನಟ್ಟು ಕೂರಲು ಐದು ಗೂಟ, ಅದಕ್ಕೆ ಸ್ಟಡ್ಡು ಎನ್ನುತ್ತಾರೆ. ಮನುಷ್ಯನಿಗೆ ವೇಗ ಹೆಚ್ಚಾದಷ್ಟೂ ನಂಬಿಕೆ ಕಡಿಮೆಯಾಗುತ್ತದೆಂದು ಕಾಣುತ್ತದೆ. ನನಗಂತೂ ಆ ಐದರ ಮೇಲೆ ಕೋಪವೇ ಬಂತು.

ಮೊದಲ ಭಾನುವಾರ ಕೆಂಗೇರಿಗೆ ಹೊರಡುವ ಮುನ್ನ ಜೀಪಿನಲ್ಲೇ ಇದ್ದ ಹಳೆಯ ಪಾನಾ ತೆಗೆದುಕೊಂಡು ಮುಂದಿನ ಎಡ ಚಕ್ರದ ಮುಂದೆ ಕೂತೆ. ಎಡ ಚಕ್ರವೇ ಏಕೆಂದರೆ ಬಲಗಡೆ ಕಾಂಪೌಂಡು ಗೋಡೆ, ಕೂರಲು ಜಾಗವಿಲ್ಲ. ಈ ಸಣ್ಣ ಸಂಗತಿ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದು ಮುಂದೆ ನೋಡುವಿರಿ. ಪಾನಾ ಸವೆದಿತ್ತು. ನಟ್ಟು ಅಲ್ಲಾಡಲಿಲ್ಲ, ಪಾನಾ ಜಾರಿತು, ನಾನು ಹಿಂದಕ್ಕೆ ಕೂತೆ. ಎದುರು ಮನೆಯ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವರು ಒಂದೇ ಸೀರೆಯನ್ನು ಬಹಳ ಹೊತ್ತು ಕೊಡವುತ್ತಿದ್ದರು.

ಬಲದಿಂದ ಆಗದ್ದು ಬುದ್ಧಿಯಿಂದ ಆಗುತ್ತದೆಂದು ಮಾರನೆಯ ದಿನ ಶಾಲೆಯ ಪ್ರಯೋಗಶಾಲೆಯಿಂದ ವರ್ನಿಯರ್ ಕ್ಯಾಲಿಪರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದೆ. ಇದನ್ನು ಹೆಡ್‌ಮಿಸ್ಟ್ರೆಸ್ಸಿಗೆ ಯಾರೂ ಹೇಳಬೇಡಿ. ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೂ ಅಳೆಯುವ ಉಪಕರಣ ಅದು. ಐದು ನಟ್ಟುಗಳನ್ನೂ ಮೂರು ಮೂರು ಸಲ ಅಳೆದು, ಸರಾಸರಿ ತೆಗೆದು, ಇಂಚಿಗೆ ತಿರುಗಿಸಿದೆ. ಇಂಚಿನ ಹದಿನಾರರಲ್ಲಿ ಹದಿಮೂರು ಭಾಗ, ಎಂದರೆ ಮುಕ್ಕಾಲು ಇಂಚಿಗಿಂತ ತುಸು ಹೆಚ್ಚು. ಇದಕ್ಕಿಂತ ಶಾಸ್ತ್ರೀಯವಾಗಿ ಭಾರತದಲ್ಲಿ ಯಾರೂ ಜೀಪಿನ ನಟ್ಟನ್ನು ಅಳೆದಿರಲಾರರು ಎಂಬ ಹೆಮ್ಮೆಯಿಂದ ಚೀಟಿಯಲ್ಲಿ ಬರೆದುಕೊಂಡೆ.

ನಾಯಂಡಹಳ್ಳಿಯಲ್ಲಿ, ನಮ್ಮ ಕೆಂಗೇರಿಯ ದಾರಿ ಮೈಸೂರು ರಸ್ತೆಗೆ ಸೇರುವ ಕಡೆ, ಲಾರಿ ಷೆಡ್ಡುಗಳ ನಡುವೆ ಗಫಾರ್ ಸಾಬರ ಅಂಗಡಿ ಇದೆ. ಅರ್ಧ ಸಾಮಾನಿನ ಅಂಗಡಿ, ಅರ್ಧ ಚಕ್ರ ರಿಪೇರಿ. ಸಾಬರು ಬಂದವರ ಮುಖ ನೋಡುವುದಿಲ್ಲ, ಅವರ ಕೈಯನ್ನೂ ಗಾಡಿಯನ್ನೂ ನೋಡುತ್ತಾರೆ. ಮುಂದಿನ ಭಾನುವಾರ ಅಮ್ಮನನ್ನು ಜೀಪಿನಲ್ಲೇ ಕೂರಿಸಿ ನಾನು ಇಳಿದು ಹೋಗಿ ಚೀಟಿ ಕೊಟ್ಟೆ.

"ಎಷ್ಟು ಮೂಲೆದು ಬೇಕು ಟೀಚರಮ್ಮ? ಆರಾ, ಹನ್ನೆರಡಾ?" ನಾನು ಟೀಚರೆಂದು ಅವರಿಗೆ ಹೇಳಿದವರು ಯಾರೋ ಕಾಣೆ. ಚೀಟಿಯ ಅಕ್ಷರವೇ ಹೇಳಿರಬೇಕು.

ಎರಡನ್ನೂ ಮುಂದಿಟ್ಟರು. ಒಂದರ ಒಳಗೆ ಆರು ಮೂಲೆ, ಮಂಕು ಬಣ್ಣ. ಇನ್ನೊಂದರ ಒಳಗೆ ನಕ್ಷತ್ರದಂತೆ ಹನ್ನೆರಡು ಮೂಲೆ, ಫಳಫಳ ಹೊಳೆಯುತ್ತಿತ್ತು. ಹನ್ನೆರಡು ಆರಕ್ಕಿಂತ ದೊಡ್ಡದು, ಗಣಿತದಲ್ಲಿ ಅನುಮಾನವೇ ಇಲ್ಲ.

"ಹಳೇ ನಟ್ಟಾದ್ರೆ ಆರು ಮೂಲೆದು ತಗೊಳ್ಳಿ."

"ಹನ್ನೆರಡರದ್ದೇ ಕೊಡಿ."

"ಕೊಡ್ತೀನಿ ಅದಕ್ಕೇನು. ಮುಂದಿನ ಭಾನುವಾರಾನೂ ಅಂಗಡಿ ತೆಗ್ದಿರ್ತೀನಿ," ಎಂದು ಕಾಗದದಲ್ಲಿ ಸುತ್ತಿಕೊಟ್ಟರು.

ಮುಂದಿನ ಭಾನುವಾರ ನಾನು ಅವರ ಅಂಗಡಿಯಲ್ಲಿದ್ದೆ, ಬೆರಳ ಗೆಣ್ಣುಗಳಿಗೆ ಬಟ್ಟೆ ಸುತ್ತಿಕೊಂಡು. ಹನ್ನೆರಡು ಮೂಲೆಯದ್ದು ಯಾವ ಕೋನದಲ್ಲಾದರೂ ನಟ್ಟಿನ ಮೇಲೆ ಬೇಗ ಕೂರುತ್ತದೆ, ಆದರೆ ಹಿಡಿಯುವುದು ತುದಿಗಳನ್ನು ಮಾತ್ರ. ಆರು ಮೂಲೆಯದ್ದು ಆರಾಮಾಗಿ ಕೂರುವುದಿಲ್ಲ, ಕೂತರೆ ಪಕ್ಕಗಳನ್ನೇ ತಬ್ಬುತ್ತದೆ. ಇದನ್ನು ಸಾಬರು ಹೇಳಲಿಲ್ಲ, ನನ್ನ ಗೆಣ್ಣುಗಳು ಹೇಳಿದವು. ಸಾಬರು ಬಟ್ಟೆ ಸುತ್ತಿದ ಕೈ ನೋಡಿ ಆರು ಮೂಲೆಯದ್ದನ್ನು ತೆಗೆದಿಟ್ಟರು. "ಅಳತೆ ಅದೇನಾ?" ಎಂದು ಕೇಳಿದರು. "ಅಳತೆಯಲ್ಲಿ ಅನುಮಾನವೇ ಇಲ್ಲ" ಎಂದೆ. ಜೀಪಿನೊಳಗಿಂದ ಅಮ್ಮ, "ಬೇಗ ಬಾರೇ, ಅವಳು ಕಾಯಿ ಜೋಡಿಸಿ ಕಾಯ್ತಿರ್ತಾಳೆ" ಎಂದು ಕೂಗಿದಳು.

ಆರು ಮೂಲೆಯದ್ದು ಮೊದಲು ಬಿಗಿಯಾಗಿಯೇ ಕೂತಿತು. ಭಾರ ಹಾಕಿದೊಡನೆ ಚಟಚಟ ಸದ್ದಾಗಿ ಅದೂ ಸುತ್ತಿತು. ಕೆಳಗೆ ನೋಡಿದರೆ ಬೆಳ್ಳಿ ಬಣ್ಣದ ಚಕ್ಕೆಗಳು ಉದುರಿವೆ. ಆಗ ಹೊಳೆಯಿತು. ಪ್ರತಿ ಆಯುಧ ಪೂಜೆಗೂ ನಮ್ಮ ಮನೆಯಲ್ಲಿ ಜೀಪಿನ ಚಕ್ರಗಳಿಗೆ ಬೆಳ್ಳಿ ಬಣ್ಣ ಬಳಿಯುವ ಪದ್ಧತಿ. ನಿಂಬೆಹಣ್ಣು, ಬೂದುಗುಂಬಳಕಾಯಿ ಅಪ್ಪನ ಪಾಲು, ಬಣ್ಣದ ಡಬ್ಬಿ ಅಣ್ಣನ ಪಾಲು. ಚಡ್ಡಿ ಹಾಕುತ್ತಿದ್ದ ಕಾಲದಿಂದ ಮದುವೆಯಾಗಿ ಜಯನಗರಕ್ಕೆ ಹೋದ ಮೇಲೂ ಅವನು ಆ ಕೆಲಸ ಬಿಟ್ಟುಕೊಟ್ಟಿರಲಿಲ್ಲ. ಹಳೆಯದನ್ನು ಕೆರೆಯುವುದು ಅಪಶಕುನವೆಂದು ಅಜ್ಜಿ ಯಾವಾಗಲೋ ಹೇಳಿದ್ದರಿಂದ ಬಣ್ಣದ ಮೇಲೆ ಬಣ್ಣ ಕೂತಿತ್ತು. ನಟ್ಟಿನ ಪಕ್ಕಗಳನ್ನು ಅಡಿಗೆಮನೆಯ ಚಾಕುವಿನಿಂದ ಹೆರೆದೆ. ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಂತು. ಮತ್ತೆ ವರ್ನಿಯರ್ ಇಟ್ಟರೆ ನಟ್ಟು ಮುಕ್ಕಾಲು ಇಂಚು, ಒಂದು ಕೂದಲು ಹೆಚ್ಚಿಲ್ಲ. ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ನಾನು ಅಳೆದದ್ದು ನಟ್ಟನ್ನಲ್ಲ, ನಮ್ಮಣ್ಣನ ಇಪ್ಪತ್ತು ವರ್ಷದ ಭಕ್ತಿಯನ್ನು.

ಮೂರನೆಯ ಸಾಕೆಟ್ಟು ಕೊಳ್ಳುವಾಗ, ಅಲ್ಲಿಯವರೆಗೆ ಬಳಸುತ್ತಿದ್ದ ಗೇಣುದ್ದದ ಹಿಡಿ ಸಾಲದೆಂದು ರಾಡನ್ನೂ ಆರಿಸಿದೆ. ಇದರಲ್ಲಾದರೂ ತಪ್ಪಬಾರದೆಂದು ಸಾಬರ ಮಾತು ಕೇಳಿದೆ. ಒಂದು ಟೊಳ್ಳು ಪೈಪು ಹಗುರವಾಗಿತ್ತು, "ಅದು ಬಗ್ಗುತ್ತೆ" ಎಂದರು. ಇನ್ನೊಂದು ಗಟ್ಟಿ ಕಂಬಿ ಒಂದೂವರೆ ಅಡಿ, "ಅದು ಗಂಡಸರಿಗೆ" ಎಂದರು. ನನಗೆ ಸಿಟ್ಟು ಬಂತು. ಕೊನೆಗೆ ಎರಡೂವರೆ ಅಡಿಯ ಗಟ್ಟಿ ರಾಡು ತೆಗೆದರು. ತುದಿಯಲ್ಲಿ ಸಾಕೆಟ್ಟು ಕೂರುವ ಕತ್ತು ಆ ಕಡೆ ಈ ಕಡೆ ಬಾಗುತ್ತಿತ್ತು. "ಇದಕ್ಕೆ ನೀವೂ ಬೇಡ ಟೀಚರಮ್ಮ, ನಿಮ್ಮ ಒದ್ದೆ ಸೀರೆ ನೇತಾಕಿದ್ರೂ ನಟ್ಟು ಬರುತ್ತೆ," ಎಂದರು.

ಇದು ನನ್ನ ಶಾಸ್ತ್ರಕ್ಕೆ ಒಪ್ಪುವ ಮಾತು. ಸನ್ನೆಗೋಲಿನ ಪಾಠ ನನಗೆ ಬಾಯಿಪಾಠ. ಹಿಡಿ ಉದ್ದವಾದಷ್ಟೂ ತಿರುಗಿಸುವ ಶಕ್ತಿ ಹೆಚ್ಚು. ಆ ವಾರ ಒಂಬತ್ತನೇ ತರಗತಿಗೆ ಲೆಕ್ಕವನ್ನೇ ಕೊಟ್ಟೆ, ಐವತ್ತೆಂಟು ಕಿಲೋ ತೂಕದ ಒಬ್ಬ ವ್ಯಕ್ತಿ ಎಪ್ಪತ್ತೈದು ಸೆಂಟಿಮೀಟರು ರಾಡಿನ ತುದಿಯಲ್ಲಿ ನಿಂತರೆ ನಟ್ಟನ್ನು ತಿರುಗಿಸುವ ಬಲವೆಷ್ಟು ಎಂದು. ಹುಡುಗಿಯರೆಲ್ಲ ಸರಿಯಾಗಿ ಮಾಡಿದರು. ಆ ವ್ಯಕ್ತಿ ಯಾರೆಂದು ಇಬ್ಬರು ಕೇಳಿದರು. ಯಾವ ಕಡೆಗೆ ತಿರುಗಿಸಬೇಕೆಂದು ಯಾರೂ ಕೇಳಲಿಲ್ಲ, ಕೇಳಬೇಕೆಂದು ನನಗೂ ತೋಚಲಿಲ್ಲ.

ಆ ಭಾನುವಾರ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮುಂದಿನ ಎಡ ಚಕ್ರದ ನಟ್ಟಿಗೆ ಸಾಕೆಟ್ಟು ಕೂರಿಸಿ, ರಾಡು ಸಿಕ್ಕಿಸಿ, ಜೀಪಿನ ಮೇಲ್ಗಡೆ ಹಿಡಿದುಕೊಂಡು ರಾಡಿನ ಮೇಲೆ ನಿಂತೆ. ಸಾಕೆಟ್ಟು ಜಾರಲಿಲ್ಲ. ರಾಡು ಬಗ್ಗಲಿಲ್ಲ. ನಟ್ಟು ಅಲ್ಲಾಡಲಿಲ್ಲ. ಸ್ವಲ್ಪ ಕುಣಿದೆ. ಠಣ್ ಎಂದು ಸದ್ದಾಯಿತು, ನಾನು ನೆಲದ ಮೇಲಿದ್ದೆ. ಗೆದ್ದೆ ಎಂದೇ ತಿಳಿದೆ. ಪಕ್ಕದಲ್ಲಿ ಬಿದ್ದಿದ್ದ ಸಾಕೆಟ್ಟಿನೊಳಗೆ ನಟ್ಟೂ ಇತ್ತು, ಅದರೊಳಗೆ ಮುರಿದ ಸ್ಟಡ್ಡಿನ ತುಂಡೂ ಇತ್ತು.

ಅಳುವೇ ಬಂತು. ಜೀಪು ಉಳಿಸಲು ಹೊರಟವಳು ಅದರ ಕಾಲು ಮುರಿದಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು, ಬೈಯಲಿಲ್ಲ. "ಇವತ್ತು ಕೆಂಗೇರಿ ಬೇಡ ಬಿಡು" ಎಂದು ಒಳಗೆ ಹೋಗಿ ಉಟ್ಟಿದ್ದ ಒಳ್ಳೆ ಸೀರೆ ಬಿಚ್ಚಿ ಹಳೆಯದು ಉಟ್ಟು ಬಂದಳು. ಬೈದಿದ್ದರೆ ವಾಸಿಯಾಗಿತ್ತು. ಆ ಮಡಿಸಿಟ್ಟ ಸೀರೆ ನೋಡಿ ನನಗೆ ಮತ್ತೆ ಹಟ ಬಂತು. ಉಳಿದ ನಾಲ್ಕು ನಟ್ಟಿನ ಮೇಲೆ ನಿಧಾನವಾಗಿ ಜೀಪು ಓಡಿಸಿಕೊಂಡು ಒಬ್ಬಳೇ ನಾಯಂಡಹಳ್ಳಿಗೆ ಹೋದೆ.

ಸಾಬರು ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು.

"ಎಡಗಡೆ ಚಕ್ರದ್ದಾ?"

"ಹೌದು. ಅದರಲ್ಲೇನು?"

"ಯಾವ ಕಡೆ ತಿರುಗಿಸಿದ್ರಿ?"

ನಾನು ಗಾಳಿಯಲ್ಲಿ ತೋರಿಸಿದೆ, ಡಬ್ಬಿಯ ಮುಚ್ಚಳ, ಸೀಸೆಯ ಬಿರಡೆ, ನಲ್ಲಿ, ಪ್ರಪಂಚದ ಸಕಲ ವಸ್ತುಗಳೂ ಬಿಚ್ಚಿಕೊಳ್ಳುವ ಕಡೆಗೆ, ಎಡಕ್ಕೆ. ಸಾಬರು ತಂತಿ ಬ್ರಷ್ಷಿನಿಂದ ಸ್ಟಡ್ಡಿನ ತುದಿಯನ್ನು ಉಜ್ಜಿ ನನ್ನ ಅಂಗೈಲಿಟ್ಟರು. ಬೆಳ್ಳಿ ಬಣ್ಣ ಹೋದ ಮೇಲೆ ಅಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಕೆತ್ತಿತ್ತು.

"ಅರೆ ಟೀಚರಮ್ಮ, ಇದು ಉಲ್ಟಾ ಥ್ರೆಡ್ಡು. ಎಡಗಡೆ ಎರಡು ಚಕ್ರಕ್ಕೂ ಉಲ್ಟಾ. ನೀವು ಒಂದು ತಿಂಗ್ಳಿಂದ ಬಿಗಿ ಮಾಡ್ತಾ ಇದೀರಿ."

ಕಾರಣವೂ ಇದೆ. ಚಕ್ರ ಓಡುತ್ತಾ ಓಡುತ್ತಾ ತನ್ನ ನಟ್ಟುಗಳನ್ನು ತಾನೇ ಸಡಿಲಿಸಿಕೊಳ್ಳಬಹುದೆಂಬ ಭಯ ಆ ಗಾಡಿ ಮಾಡಿದವರಿಗೆ. ಎಡ ಚಕ್ರ ತಿರುಗುವುದು ನಮ್ಮ ಕಣ್ಣಿಗೆ ಒಂದು ಕಡೆ, ಬಲ ಚಕ್ರ ಇನ್ನೊಂದು ಕಡೆ. ಆದ್ದರಿಂದ ಎಡಗಡೆಗೆ ಎಡ ತಿರುಪು. ಎಷ್ಟು ಸರಳ! ತರಗತಿಯಲ್ಲಿ ಯಾರಾದರೂ ಕೇಳಿದ್ದರೆ ಬೋರ್ಡಿನ ಮೇಲೆ ಬಾಣ ಬರೆದು ಐದು ನಿಮಿಷದಲ್ಲಿ ವಿವರಿಸುತ್ತಿದ್ದೆ. ಲಾರಿಗಳ ನಡುವೆ ನಿಂತು ಮುರಿದ ತುಂಡನ್ನು ನೋಡುತ್ತಾ ನನಗೆ ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. ಬಲ ಸಾಲದೆಂದು ಒಂದು ತಿಂಗಳು ಕೊರಗಿದ್ದೆ. ಉಕ್ಕಿನ ಗೂಟವನ್ನೇ ಮುರಿಯುವಷ್ಟು ಬಲ ನನ್ನಲ್ಲಿತ್ತಲ್ಲ! ಅದೊಂದು ಸಮಾಧಾನ.

ಸ್ಟಡ್ಡು ಆರಿಸುವುದು ಹೇಗೆಂದು ಅಂದು ಕಲಿತೆ. ಸಾಬರು ಡಬ್ಬಿಯಿಂದ ನಾಲ್ಕಾರು ಸುರಿದರು. ಹೊಸ ಹೊಳಪಿನವನ್ನು ನಾನು ಮುಟ್ಟಲಿಲ್ಲ, ಹೊಳಪಿನ ಮೇಲೆ ನನಗೆ ಆಗಲೇ ಬೇಸರ ಬಂದಿತ್ತು. ತುದಿಯಲ್ಲಿ ಅಕ್ಷರ ಇದೆಯೇ ನೋಡಬೇಕು. ನಟ್ಟು ಬಿಗಿದ ಮೇಲೂ ತುದಿ ಒಂದೆರಡು ಸುತ್ತು ಹೊರಗೆ ಇಣುಕುವಷ್ಟು ಉದ್ದವಿರಬೇಕು. ಮುಖ್ಯವಾಗಿ ನಟ್ಟು ಅದರ ಮೇಲೆ ತಲೆಯಿಂದ ಬುಡದವರೆಗೆ ಬರೀ ಬೆರಳಿನಲ್ಲಿ ಹೋಗಬೇಕು. "ಬೆರಳಿಗೆ ಬರ್ದೇ ಇದ್ರೆ ನಿಲ್ಸಿ, ಎಲ್ಲೋ ತಪ್ಪಾಗಿದೆ. ರಾಡು ತಗೊಂಡ್ರೆ ತಪ್ಪು ಇನ್ನೂ ಒಳಗೆ ಹೋಗುತ್ತೆ," ಎಂದರು. ಹೊಸ ಸ್ಟಡ್ಡನ್ನು ಅವರೇ ಕೂರಿಸಿದರು. ನಟ್ಟುಗಳನ್ನು ಮಾತ್ರ ನನ್ನ ಕೈಲೇ ಬಿಚ್ಚಿಸಿ ನನ್ನ ಕೈಲೇ ಹಾಕಿಸಿದರು. ಈ ಸಲ ಬಲಕ್ಕೆ ತಿರುಗಿಸಿದೆ. ಮೊದಲು ಕಿರ್ರೆಂದಿತು, ಆಮೇಲೆ ಬಂತು. ಆ ಕಿರ್ರೆಂಬ ಸದ್ದಿನಷ್ಟು ಇಂಪಾದುದನ್ನು ನಾನು ಯಾವ ರಾಮೋತ್ಸವದ ಕಚೇರಿಯಲ್ಲೂ ಕೇಳಿಲ್ಲ.

ಅಲ್ಲಿಂದ ಎರಡು ವಾರ ಶಾಲೆಯಿಂದ ಬಂದೊಡನೆ ಅಭ್ಯಾಸ. ಜಾಕಿ ಕೊಡು, ಬಿಚ್ಚು, ಹಾಕು. ಬಲಗಡೆಯ ಚಕ್ರಗಳಿಗಾಗಿ ಜೀಪನ್ನು ಬೀದಿಗೆ ತಂದು ನಿಲ್ಲಿಸುತ್ತಿದ್ದೆ. ಎದುರು ಮನೆಯವರು ಈಗ ಸೀರೆ ಕೊಡವುವ ನೆಪ ಬಿಟ್ಟು ಕುರ್ಚಿ ಹಾಕಿಕೊಂಡೇ ಕೂರುತ್ತಿದ್ದರು. ಅಣ್ಣ ಆಯುಧ ಪೂಜೆಯ ಹಿಂದಿನ ಸಂಜೆ ಬರುವುದಾಗಿ ಕಾಗದ ಬರೆದಿದ್ದ. ಸಂಜೆ ಕಾದೆ, ಬರಲಿಲ್ಲ.

ಆಯುಧ ಪೂಜೆಯ ವಿಷಯದಲ್ಲಿ ನಮ್ಮಮ್ಮ ಬಹಳ ಕಟ್ಟುನಿಟ್ಟು. ಮನೆಯ ಈಳಿಗೆಮಣೆ, ಕತ್ತರಿ, ಸುತ್ತಿಗೆ ಎಲ್ಲವನ್ನೂ ತೊಳೆದು ದೇವರ ಮುಂದೆ ಸಾಲಾಗಿಟ್ಟು ಕುಂಕುಮ ಹಚ್ಚಿ ಹೂವಿಟ್ಟರೆ ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅಂದಿನ ಅಡಿಗೆಗೆ ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿರುತ್ತಾಳೆ. ನಾನು ಚಿಕ್ಕವಳಿದ್ದಾಗ ಪೆನ್ಸಿಲ್ ಹೆರೆಯಲು ಬ್ಲೇಡು ಎತ್ತಿಕೊಂಡು ಬೆನ್ನಿಗೆ ಪೆಟ್ಟು ತಿಂದಿದ್ದೇನೆ. ಈ ವರ್ಷ ಆ ಸಾಲಿನಲ್ಲಿ ನನ್ನ ರಾಡು, ಸಾಕೆಟ್ಟು, ಜಾಕಿ ಕೂಡ ಕೂತವು. ಪೂಜೆ ಮುಗಿದು ಅರ್ಧ ಗಂಟೆಯಾಗಿತ್ತು. ಅಣ್ಣ ಬಂದ, ಜೊತೆಗೆ ಮರದ ಡಿಪೋದವರು.

"ನಿನ್ನೆ ಬ್ಯಾಂಕಲ್ಲಿ ತಡ ಆಯ್ತು. ನಾಳೆ ವಿಜಯದಶಮಿ, ಇವರು ಗಾಡಿ ತಗೊಂಡು ಹೋಗ್ಬೇಕು ಅಂತಿದಾರೆ. ಎಲ್ಲಿ, ತೋರಿಸು ನೋಡೋಣ."

"ಇವತ್ತು ಹೇಗಣ್ಣ? ಎಲ್ಲ ಪೂಜೆಗಿಟ್ಟಿದೆ. ನಾಳೆ ಬೆಳಿಗ್ಗೆ ತೆಗೀತೀನಿ."

"ಇವರು ನಾಳೆ ಬೆಳಿಗ್ಗೆ ರಾಹುಕಾಲಕ್ಕೆ ಮುಂಚೆ ಹೊರಡ್ಬೇಕು. ಬಿಡು ವಿಮಲಾ, ಪ್ರಯತ್ನ ಪಟ್ಟೆಯಲ್ಲ, ಸಾಕು." ಅವನ ದನಿಯಲ್ಲಿ ನಿಜವಾಗಿಯೂ ಕನಿಕರವಿತ್ತು. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ಪೂಜೆಗಿಟ್ಟದ್ದನ್ನು ತಾ ಎಂದು ಅಮ್ಮನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಅಮ್ಮ ಒಳಗೆ ಹೋದಳು. ಬಂದವರಿಗೆ ಪಾಯಸ ತರಲು ಹೋದಳೆಂದುಕೊಂಡೆ.

ಅಮ್ಮ ತಂದದ್ದು ರಾಡು. ಎರಡು ಕೈಯಲ್ಲೂ ಅಡ್ಡ ಹಿಡಿದು, ಮಂಡಿ ಸಂಭಾಳಿಸಿಕೊಂಡು, ಒಂದೊಂದೇ ಮೆಟ್ಟಿಲಿಳಿದು ಬಂದಳು. ರಾಡಿನ ಮೇಲೆ ಮೂರು ಕಡೆ ಕುಂಕುಮ, ಕತ್ತಿನ ಹತ್ತಿರ ಒಂದು ಸೇವಂತಿಗೆ. ಸೆರಗಿನ ತುದಿಯಲ್ಲಿ ಸಾಕೆಟ್ಟು ಗಂಟು ಹಾಕಿತ್ತು.

"ತಗೊಳ್ಳೇ."

"ಅಮ್ಮಾ, ಪೂಜೆ ಮಾಡಿಟ್ಟಿದ್ದು..."

"ಇಟ್ಟೋಳೂ ನಾನೇ, ತೆಗೆದೋಳೂ ನಾನೇ. ದೇವರಿಗೆ ನಾನು ಹೇಳ್ಕೋತೀನಿ. ಜಾಕಿ ಭಾರ, ಅದನ್ನ ನೀನೇ ತಗೋ ಹೋಗು."

ನಾನು ಸೇವಂತಿಗೆ ತೆಗೆದು ಮುಡಿದುಕೊಂಡೆ. ಮುಂದಿನ ಎಡ ಚಕ್ರಕ್ಕೇ ಹೋದೆ. ಸಾಕೆಟ್ಟು ಕೂರಿಸಿ ರಾಡನ್ನು ಬಲಕ್ಕೆ ತಳ್ಳಿದೆ.

"ಲೇ, ಲೇ! ಬಿಗಿ ಮಾಡ್ತಿದೀಯ ಕಣೇ, ಆ ಕಡೆ ಅಲ್ಲ!" ಅಣ್ಣ ಓಡಿಬಂದ.

ನಾನು ರಾಡನ್ನು ಇನ್ನಷ್ಟು ಬಲಕ್ಕೇ ಒತ್ತಿದೆ. ಕಿರ್ರೆಂದಿತು, ನಟ್ಟು ಬಂತು. ಅದನ್ನು ಅವನ ಅಂಗೈಲಿಟ್ಟು ಮುಂದಿನದಕ್ಕೆ ಹೋದೆ. ಅವನು ಆ ನಟ್ಟನ್ನು 'ಇದು ಹೇಗೆ' ಎಂಬಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಐದೂ ಮುಗಿಯಿತು, ಚಕ್ರ ಇಳಿಯಿತು, ಮತ್ತೆ ಏರಿತು. ಬೆರಳಿನಲ್ಲಿ ಮೊದಲು, ರಾಡಿನಲ್ಲಿ ಆಮೇಲೆ. ಹಿಂದಿನ ಎಡದ್ದು. ಆಮೇಲೆ ಜೀಪನ್ನು ಬೀದಿಗೆ ತಂದು ಬಲಗಡೆಯವು. ನಾಲ್ಕನೆಯ ಚಕ್ರದ ಹೊತ್ತಿಗೆ ಮರದ ಡಿಪೋದವರು ಎದುರು ಮನೆಯವರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿಕೊಂಡಿದ್ದರು. ಎದ್ದು ಬಂದು ಅಣ್ಣನಿಗೆ, "ಸಾರ್, ನಿಮ್ಮ ತಂಗಿ ಈ ಗಾಡಿ ಮಾರೋ ಹಾಗೆ ಕಾಣ್ಸಲ್ಲ. ನಾನು ಬೇರೆ ಕಡೆ ನೋಡ್ಕೋತೀನಿ" ಎಂದು ಕೈ ಮುಗಿದು ಹೊರಟರು. ಅಣ್ಣ ಅವರನ್ನು ತಡೆಯಲಿಲ್ಲ.

ಕೈ ತೊಳೆಯುತ್ತಿರುವಾಗ ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ. ಆರು ವಾರ ನಾನು ಮೂಲೆ ಎಣಿಸಿದೆ, ಇಂಚು ಅಳೆದೆ, ಸ್ಟಡ್ಡು ಮುರಿದೆ, ಪ್ರಪಂಚವನ್ನೆಲ್ಲ ಪ್ರಶ್ನೆ ಕೇಳಿದೆ. ಮನೆಯಲ್ಲೇ ಇದ್ದ ಅಮ್ಮನನ್ನು ಮಾತ್ರ, ನಿನಗೆ ಕೆಂಗೇರಿಗೆ ಹೋಗಬೇಕು ಅನ್ನಿಸುತ್ತದೆಯೇ ಎಂದು ಒಂದು ದಿನವೂ ಕೇಳಿರಲಿಲ್ಲ. 'ಅವನು ಹೇಳೋದೂ ಸರಿ' ಎಂದಳಲ್ಲ, ಅದನ್ನೇ ಉತ್ತರವೆಂದು ತಿಳಿದಿದ್ದೆ. ನಲ್ಲಿಯ ಕೆಳಗೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತೆ.

ಊಟಕ್ಕೆ ಕೂತಾಗ ಅಣ್ಣ ತಲೆ ತಗ್ಗಿಸಿ ಪಾಯಸ ಕಲಸುತ್ತಿದ್ದ. ಅಪ್ಪನ ಜೊತೆ ಅಷ್ಟು ವರ್ಷ ಓಡಾಡಿದರೂ ಒಂದು ಸಲವೂ ತಾನು ಚಕ್ರ ಬಿಚ್ಚಿಲ್ಲವೆಂದು ತಾನಾಗಿಯೇ ಹೇಳಿದ. ಆಮೇಲೆ ಇನ್ನೂ ಮೆಲ್ಲಗೆ, "ಭಾನುವಾರ ನಾನೂ ಬರ್ಲಾ ಅಮ್ಮ, ಕೆಂಗೇರಿಗೆ? ಚಿಕ್ಕಮ್ಮನ್ನ ನೋಡಿ ಬಹಳ ದಿನ ಆಯ್ತು" ಎಂದು ಕೇಳಿದ.

ಅಮ್ಮ ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು. "ಬಾ ಅದಕ್ಕೇನಂತೆ. ಆದ್ರೆ ಹಿಂದ್ಗಡೆ ಕೂತ್ಕೋಬೇಕು ಕಣೋ. ಮುಂದಿನ ಸೀಟು ನಂದು."